ಒಂದೇ ಕಡೆ ನೋಡಿದ ಕಲ್ಲು

ಭಾನುವಾರ, ಹದಿನೇಳನೇ ತಾರೀಖು
ಮಧ್ಯಾಹ್ನ, ಅಡುಗೆಮನೆಯ ಮೇಜು

ಇವರಿಗೆ,

ನಿಮ್ಮನ್ನು ಏನೆಂದು ಕರೆಯುವುದೆಂದು ತಿಳಿಯದೆ ಆಗಲೇ ಮೂರು ಹಾಳೆ ಹರಿದಿದ್ದೇನೆ. ‘ಪ್ರೀತಿಯ’ ಎಂದು ಶುರು ಮಾಡಿದರೆ ನೀವು ನಗುತ್ತೀರಿ. ‘ಮಾನ್ಯರೇ’ ಎಂದರೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕೊಟ್ಟ ದೂರಿನ ಅರ್ಜಿಯಾಗುತ್ತದೆ. ಅತ್ತೆಯ ಹತ್ತಿರ ಮಾತಾಡುವಾಗ ಈ ಮೂರು ವರ್ಷವೂ ನಿಮ್ಮನ್ನು ‘ಇವರು’ ಎಂದೇ ಹೇಳಿದ್ದೇನೆ. ಅದೇ ಇರಲಿ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಎಲ್ಲ ಅಂದರೆ ನಿಮ್ಮ ಅಮ್ಮ ಮತ್ತು ನಾನು. ಅವರ ಮೊಣಕಾಲು ನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ನೀವು ಕಳಿಸಿದ ಹೊಸ ಕನ್ನಡಕ ಹಾಕಿಕೊಂಡರೆ ಗೋಡೆಯ ಮೇಲಿನ ಹಲ್ಲಿಯ ಕಣ್ಣೂ ಕಾಣುತ್ತದೆಯಂತೆ. ಕಲ್ಲು ಬಿಟ್ಟು ಕನ್ನಡಕದ ಗಾಜು ತಿಕ್ಕೋ ಹಾಗಾಯ್ತು ನನ್ನ ಮಗ, ಆದ್ರೂ ಆ ಕೈಗೆ ಸಮ ಇಲ್ಲ ಅಂತ ದಿನಕ್ಕೊಮ್ಮೆ ಹೇಳಿ, ಆ ಕನ್ನಡಕದಲ್ಲೇ ನನ್ನ ಮುಖ ನೋಡುತ್ತಾರೆ. ನಾನು ಪಾತ್ರೆ ಎತ್ತಿಡುತ್ತೇನೆ.

ಶನಿವಾರ ನಿಮ್ಮ ಫೋನು ಬಂದಾಗಲೆಲ್ಲ ನಾನು ಬಟ್ಟೆ ಹರವಲು ಮಹಡಿಗೆ ಹೋಗುತ್ತೇನೆ. ಒಗೆದ ಬಟ್ಟೆ ಇರಲಿ, ಇಲ್ಲದಿರಲಿ. ಆದ್ದರಿಂದಲೇ ಈಗ ಕಾಗದ ಬರೆಯಬೇಕಾಗಿ ಬಂದಿದೆ.

ವಿಷಯ ನಿಮ್ಮ ನೀಲದ್ದು. ಹೌದು, ಅದೇ ಕಲ್ಲು. ನನ್ನ ತಲೆ ಕೆಟ್ಟುಹೋಗಿದೆ. ಬುಧವಾರದಿಂದ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ್ದೇನೆ, ಒಂದು ಸಲ ಹಾಕಿಯೇ ಇಲ್ಲ. ನಿಮಗೆ ಗೊತ್ತಿರುವುದನ್ನೇ ಮೊದಲಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಾಲಾಗಿ ಬರೆದರೆ ನನಗಾದರೂ ಅರ್ಥವಾದೀತು.

ಮೂರು ವರ್ಷದ ಹಿಂದೆ ಬಿಳಿ ಬಂಡೆಯ ಗಣಿಗೆ ನೀವೇ ಹೋಗಿ ಆ ಹರಳನ್ನು ಕೊಂಡು ತಂದಿರಿ. ನಡುವೆ ಬಣ್ಣವೇ ಇಲ್ಲದ, ಅಂಚಿಗೆ ಮಾತ್ರ ನೀಲಿ ತುಂಬಿದ ಹರಳು. ಅದನ್ನು ಅರಗಿನ ಕಡ್ಡಿಗೆ ಅಂಟಿಸಿ, ತಿರುಗಿಸಿ ತಿರುಗಿಸಿ ನೋಡಿ, ಹನ್ನೊಂದು ದಿನ ಸಾಣೆಯ ಮುಂದೆ ಕೂತಿರಿ. ನೀಲಿ ಭಾಗವನ್ನು ಕೆಳಗಿನ ಮೊನೆಗೂ ಒಂದು ಪಕ್ಕಕ್ಕೂ ಬರುವಂತೆ ಕೂರಿಸಿದ್ದರಿಂದ ಮೇಲಿಂದ ನೋಡಿದರೆ ಇಡೀ ಕಲ್ಲೇ ನೀಲಿ. ಊಟಕ್ಕೆ ಕರೆದರೆ ಬಂದೆ ಬಂದೆ ಅಂತ ಒಂದು ಗಂಟೆ. ಮುಗಿದ ಮೇಲೆ ಅದನ್ನು ಬಿಳಿ ಬಂಡೆಯದೆಂದು ಹೇಳಿ ಆಭರಣದಂಗಡಿಯ ಯಜಮಾನರಿಗೆ ಕೊಟ್ಟಿರಿ. ಅವರು ಪದ್ಧತಿಯಂತೆ ನಾನು ಕೆಲಸ ಮಾಡುವ ರತ್ನ ಪರೀಕ್ಷಾಲಯಕ್ಕೆ ಕಳಿಸಿದರು. ಇಂಥ ಗಣಿಯದು ಎಂದು ನಾವು ಬರೆದುಕೊಟ್ಟರೇ ಅದಕ್ಕೆ ಬೆಲೆ. ಬಿಳಿ ಬಂಡೆಯದಾದರೆ ತಲೆಯ ಮೇಲಿಟ್ಟುಕೊಳ್ಳುತ್ತಾರೆ, ಕಪ್ಪು ಬಂಡೆಯದಾದರೆ ಮೂಗು ಮುರಿಯುತ್ತಾರೆ.

ನಾನು ಕಪ್ಪು ಬಂಡೆಯದು ಎಂದು ಬರೆದೆ.

ಆಮೇಲಿನದು ಊರಿಗೇ ಗೊತ್ತು. ವರ್ತಕರ ಸಂಘದ ಸಭೆಯಲ್ಲಿ ಯಜಮಾನರು ನನ್ನ ವರದಿಯನ್ನೂ ನಿಮ್ಮ ಕಲ್ಲನ್ನೂ ಅಕ್ಕಪಕ್ಕ ಇಟ್ಟು, ಇಷ್ಟು ವರ್ಷ ನಂಬಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದ್ರಿ ಅಂದರಂತೆ. ನಂಬಿಕೆಯ ಮೇಲೆ ಕಲ್ಲು ಬಿಟ್ಟುಹೋಗುತ್ತಿದ್ದವರು ಒಬ್ಬೊಬ್ಬರಾಗಿ ಬಂದು ವಾಪಸು ಒಯ್ದರು. ಒಬ್ಬರಂತೂ ಹೊಸ್ತಿಲು ದಾಟಲಿಲ್ಲ, ಹೊರಗಿಂದಲೇ ಕೈ ಚಾಚಿದರು. ಕಲ್ಲನ್ನು ನೀವು ಬದಲಾಯಿಸಿದ್ದೀರೇನೋ ಎಂಬಂತೆ ಭೂತಗನ್ನಡಿ ಹಿಡಿದು ನೋಡಿಕೊಂಡರು. ಅದನ್ನು ನಾನು ಕಿಟಕಿಯಿಂದ ಕಂಡಿದ್ದೆ. ನಿಮಗೆ ಹೇಳಿರಲಿಲ್ಲ.

ಆ ಸಂಜೆ ನೀವು ಕೂಗಾಡುತ್ತೀರಿ ಎಂದು ಕಾದಿದ್ದೆ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಒಂದು ವಾರದಲ್ಲಿ ಮುಗಿಯುತ್ತಿತ್ತು. ನೀವು ಕೈ ತೊಳೆಯುತ್ತ ಬೆನ್ನು ಮಾಡಿಯೇ ಒಂದು ಮಾತು ಕೇಳಿದಿರಿ: ಎಷ್ಟು ಕಡೆ ನೋಡ್ದೆ ಅಂತ. ನೋಡಬೇಕಾದ ಕಡೆ ನೋಡಿದೀನಿ ಅಂದೆ. ನೀವು ಕೈ ಒರೆಸಿಕೊಂಡು ಟವೆಲನ್ನು ಮಡಚಿ ಇಟ್ಟಿರಿ. ಹದಿನಾರು ವರ್ಷದಲ್ಲಿ ನೀವು ಟವೆಲು ಮಡಚಿದ್ದು ಅದೊಂದೇ ದಿನ. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು. ತಿಂಗಳು ತುಂಬುವುದರೊಳಗೆ ನೀವು ಕನ್ನಡಕದಂಗಡಿಯ ಕೆಲಸ ಹಿಡಿದು ಬೇರೆ ಊರಿಗೆ ಹೊರಟಿರಿ. ಅಮ್ಮನನ್ನು ಕರೆದರೆ ಅಲ್ಲಿ ಮೆಟ್ಟಿಲು ಹತ್ತೋಕೆ ನನ್ನ ಕೈಲಾಗಲ್ಲ ಅಂತ ಅವರು ಇಲ್ಲೇ ಉಳಿದರು. ಅದು ಮೆಟ್ಟಿಲಿನ ಮಾತೋ, ನನ್ನನ್ನು ಕಾಯುವ ಮಾತೋ, ನನಗಿನ್ನೂ ಗೊತ್ತಾಗಿಲ್ಲ.

ಈಗ ಬುಧವಾರಕ್ಕೆ ಬರುತ್ತೇನೆ.

ಪರೀಕ್ಷಾಲಯಕ್ಕೆ ಹೊಸ ಯಂತ್ರ ಬಂದಿದೆ. ಹಳೆಯದು ಕೂದಲೆಳೆಯಷ್ಟು ಒಂದು ಚುಕ್ಕೆಯನ್ನು ಸುಟ್ಟು ಅಲ್ಲಿ ಏನೇನಿದೆ ಎಂದು ಹೇಳುತ್ತಿತ್ತು. ಇದು ಇಡೀ ಚೂರನ್ನು ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ ಓದಿ ಪರದೆಯ ಮೇಲೆ ಚಿತ್ರ ಬಿಡಿಸಿಕೊಡುತ್ತದೆ. ಕೈ ಪಳಗಿಸಿಕೊಳ್ಳಲು ಕೆಲಸಕ್ಕೆ ಬಾರದ ಚೂರುಗಳನ್ನು ತನ್ನಿ ಎಂದು ಮುಖ್ಯಸ್ಥರು ಹೇಳಿದ್ದರು. ಅತ್ತೆಯ ಗುಂಡಿ ಡಬ್ಬಿ ನೆನಪಾಯಿತು. ನೀವು ಬಿಸಾಡಲಾರದೆ ಇಟ್ಟ ಚೂರುಗಳ ಪೊಟ್ಟಣಗಳೆಲ್ಲ ಅದರಲ್ಲೇ ಇವೆ, ಅಂಗಿಯ ಗುಂಡಿಗಳ ಜೊತೆ. ಅತ್ತೆ ಕೊಡಲು ಒಪ್ಪಲಿಲ್ಲ. ಅವನು ಕಲ್ಲಿಗೆ ಸಾಣೆ ಹಿಡೀತಿದ್ದ, ನೀನು ಅವನಿಗೇ ಹಿಡಿದೆ, ಈಗ ಚೂರೂ ಬೇಕಾ ಅಂದರು. ಆಮೇಲೆ ತಾವೇ ಎಂಟು ಹತ್ತು ಪೊಟ್ಟಣ ಆರಿಸಿಕೊಟ್ಟರು. ಬೇಕೆಂದೇ ಆರಿಸಿದರೋ ಕೈಗೆ ಸಿಕ್ಕಿದ್ದು ಕೊಟ್ಟರೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಅದರಲ್ಲಿ ಒಂದರ ಮೇಲೆ ನಿಮ್ಮ ಪೆನ್ಸಿಲ್ ಅಕ್ಷರವಿತ್ತು. ಆ ತಿಂಗಳ ತಾರೀಖು, ಆ ಹರಳಿನ ತೂಕ. ಕೆಲಸ ಶುರು ಮಾಡುವ ಮುಂಚೆ ಅದರ ತುದಿಯಿಂದ ಬಿಲ್ಲೆಯ ಹಾಗೆ ಕೊಯ್ದು ತೆಗೆದ ಚೂರು. ಯಂತ್ರಕ್ಕೆ ಕೊಡಲೋ ಬೇಡವೋ ಎಂದು ಕೈಯಲ್ಲೇ ಹಿಡಿದು ಕೂತಿದ್ದೆ. ಕೊನೆಗೆ ಕೊಟ್ಟೆ.

ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ, ಆದರೂ ಬರೆಯುತ್ತೇನೆ. ಹರಳು ಒಂದೇ ಸಲಕ್ಕೆ ಆಗಿಬಿಡುವುದಿಲ್ಲ. ಪದರದ ಮೇಲೆ ಪದರ ಕೂತು ಹೊರಗೆ ಹೊರಗೆ ಬೆಳೆಯುತ್ತದೆ. ಆಯಾ ಹೊತ್ತಿಗೆ ಸುತ್ತಲಿನ ಬಂಡೆ ಏನು ಉಣಿಸಿತೋ ಅದು ಆಯಾ ಪದರದಲ್ಲಿ ಹಾಗೇ ಉಳಿದಿರುತ್ತದೆ. ಬಿಳಿ ಬಂಡೆಯಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಕಪ್ಪು ಬಂಡೆಯಲ್ಲಿ ಬೇಕಾದಷ್ಟು. ಕಬ್ಬಿಣವೂ ಟೈಟೇನಿಯಮ್ಮೂ ಕೂಡಿದರೆ ನೀಲಿ, ಇಲ್ಲದಿದ್ದರೆ ನೀರಿನ ಹಾಗೆ ಬಣ್ಣವೇ ಇಲ್ಲ.

ಪರದೆಯ ಮೇಲೆ ಮೊದಲು ನಡುಭಾಗ ಬಂತು. ಕಬ್ಬಿಣವೇ ಇಲ್ಲ. ಅದರೊಳಗೆ ಸಾಸಿವೆಗಿಂತ ಸಣ್ಣದೊಂದು ಬಿಳಿ ಬಂಡೆಯ ಕಣ, ಹರಳು ಬೆಳೆಯುವಾಗ ಒಳಗೆ ಸಿಕ್ಕಿಹಾಕಿಕೊಂಡದ್ದು. ಆಮೇಲೆ ಒಂದು ಗೆರೆ. ಆರು ಮೂಲೆಯಲ್ಲೂ ತಿರುಗಿ ಮತ್ತೆ ಬಂದು ಸೇರುವ ಗೆರೆ, ರಂಗೋಲಿ ಹಾಕಿದಷ್ಟು ನೆಟ್ಟಗೆ. ಗೆರೆಯಿಂದಾಚೆ ಕಬ್ಬಿಣ ಒಮ್ಮೆಗೇ ಏರಿಬಿಟ್ಟಿತ್ತು. ಮೂರು ವರ್ಷದ ಹಿಂದೆ ಹಳೆಯ ಯಂತ್ರದಲ್ಲಿ ನಾನು ಚುಕ್ಕೆ ಇಟ್ಟದ್ದು ಆ ಗೆರೆಯಿಂದಾಚೆ.

ಮುಖ್ಯಸ್ಥರು ಹಿಂದೆ ಬಂದು ನಿಂತಿದ್ದರು. ಇದು ಯಾವ ಕಲ್ಲಿನ ಚೂರು ಅಂತ ಕೇಳಿದರು, ಹೇಳಿದೆ. ಅವರು ಗಣಿಯ ಹಳೆಯ ನಕ್ಷೆ ತರಿಸಿದರು. ಬಿಳಿ ಗುಡ್ಡದ ಒಂದು ಕೊನೆಯಲ್ಲಿ ಕಪ್ಪು ಬಂಡೆಯ ಪಟ್ಟೆಯೊಂದು ತೂರಿಕೊಂಡು ಹೋಗಿದೆ. ಬಿಳಿ ಬಂಡೆಯಲ್ಲಿ ಹರಳು ಬೆಳೆಯುತ್ತ ಇದ್ದಾಗ ಈ ಕಪ್ಪು ಬಂಡೆ ಕರಗಿದ ಕೆಂಡದ ಹಾಗೆ ಕೆಳಗಿಂದ ನುಗ್ಗಿರಬೇಕು, ಅದರ ಜೊತೆ ಬಂದ ಬಿಸಿನೀರು ಕಬ್ಬಿಣ ತಂದಿರಬೇಕು ಅಂದರು. ಹರಳು ಇದ್ದಲ್ಲೇ ಇತ್ತು ಕಣಮ್ಮಾ, ಅದರ ಸುತ್ತಮುತ್ತಲೇ ಬದಲಾಗಿದ್ದು ಅಂದರು.

ನೀವು ಅದನ್ನು ಕೊಂಡುತಂದ ದಿನ ಊಟ ಮಾಡುತ್ತ, ಬಿಳಿ ಗೋಡೆಯಲ್ಲಿ ಕಪ್ಪು ಪಟ್ಟೆ ಇರೋ ಜಾಗದಲ್ಲಿ ಸಿಕ್ತಂತೆ ಕಣೇ ಅಂತ ಹೇಳಿದ್ದಿರಿ. ನಾನು ಹೂಂ ಅಂದಿದ್ದೆ. ಆ ಹೂಂ ಈಗ ಕಿವಿಯಲ್ಲೇ ಕೂತಿದೆ.

ಹಾಗಾದರೆ ನಾನು ಬರೆದದ್ದು ಸುಳ್ಳೋ ನಿಜವೋ? ಯೋಚಿಸಿದಷ್ಟೂ ಗೋಜಲು. ಯಂತ್ರ ಸುಳ್ಳು ಹೇಳಲಿಲ್ಲ, ಆ ಚುಕ್ಕೆಯಲ್ಲಿದ್ದ ಕಬ್ಬಿಣ ನಿಜ. ನೀವೂ ಸುಳ್ಳು ಹೇಳಲಿಲ್ಲ, ಅದು ಬಿಳಿ ಬಂಡೆಯ ಗಣಿಯದೇ. ನೀವು ಹನ್ನೊಂದು ದಿನ ಒದ್ದಾಡಿ ಮೊನೆಗೆ ಕೂರಿಸಿದ ನೀಲಿ ಮಾತ್ರ ಆ ಕಪ್ಪು ಬಂಡೆ ಕೊಟ್ಟದ್ದು. ಎಲ್ಲರೂ ನಿಜ ಹೇಳಿ ಒಂದು ಸಂಸಾರ ಮುರಿಯಬಹುದೇ? ಬುಧವಾರದಿಂದ ಇದನ್ನೇ ಕೇಳಿಕೊಂಡು ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ಕಪ್ಪು ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದೇನೆ. ಇದು ಉತ್ಪ್ರೇಕ್ಷೆಯಲ್ಲ, ಅತ್ತೆಯನ್ನು ಕೇಳಿ.

ಇಲ್ಲ, ಹೀಗೆ ಬರೆದರೆ ಎಲ್ಲರ ತಪ್ಪೂ ಬಂಡೆಯ ಮೇಲೆ ಹೋಗುತ್ತದೆ. ಸರಿಯಾಗಿ ಬರೆಯುತ್ತೇನೆ.

ನಮ್ಮಲ್ಲಿ ನಿಯಮವಿದೆ: ಒಂದು ಕಲ್ಲಿಗೆ ಮೂರು ಚುಕ್ಕೆ. ಒಳಗೆ ಬಣ್ಣದ ಗೆರೆ ಕಂಡರೆ ಗೆರೆಯ ಈಚೆಗೊಂದು, ಆಚೆಗೊಂದು. ನಿಮ್ಮ ಕಲ್ಲಿಗೆ ನಾನು ಇಟ್ಟದ್ದು ಒಂದೇ ಚುಕ್ಕೆ. ನೀವು ಕೇಳಿದ ಪ್ರಶ್ನೆಗೆ ಮೂರು ವರ್ಷ ತಡವಾಗಿ ಉತ್ತರ ಕೊಡುತ್ತಿದ್ದೇನೆ. ಒಂದು ಕಡೆ. ಸೊಂಟದಲ್ಲಿ, ಅಂದರೆ ಮೇಲಿನ ಭಾಗ ಕೆಳಗಿನ ಭಾಗ ಸೇರುವ ಅಂಚಿನಲ್ಲಿ, ನೀಲಿ ಇರುವ ಪಕ್ಕ.

ಗೆರೆ ಯಾಕೆ ಕಾಣಲಿಲ್ಲ ಎಂದರೆ, ಕಲ್ಲನ್ನು ಒಂದು ದ್ರವದಲ್ಲಿ ಮುಳುಗಿಸಿ ನೋಡಿದರೆ ಮಾತ್ರ ಒಳಗಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅಂದು ಆ ದ್ರವದ ಬಾಟಲಿ ಖಾಲಿಯಾಗಿತ್ತು. ಹೊಸದು ಬರಲು ವಾರವಾಗುತ್ತಿತ್ತು. ಯಜಮಾನರಿಗೆ ಅವಸರ.

ಇನ್ನೊಂದು. ನಮ್ಮ ಮೇಜಿಗೆ ಬರುವ ಕಲ್ಲಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ನಿಮ್ಮದೆಂದು ನನಗೆ ತಿಳಿದಿರಲಿಲ್ಲ ಎಂದು ಸಂಘದವರಿಗೂ ಹೇಳಿದೆ, ಅತ್ತೆಗೂ ಹೇಳಿದೆ, ನಿಮಗೂ ಹೇಳಿದೆ. ತಿಳಿದಿತ್ತು. ಚಿಮಟದಲ್ಲಿ ಎತ್ತಿದ ಕೂಡಲೇ ತಿಳಿದಿತ್ತು. ಕಲ್ಲಿನ ಸೊಂಟಕ್ಕೆ ಹೊಳಪು ಕೊಡದೆ ಹಾಗೇ ಮಂಕಾಗಿ ಬಿಡುವವರು ಈ ಊರಿನಲ್ಲಿ ನೀವೊಬ್ಬರೇ. ಗುರುಗಳು ಕಲಿಸಿದ್ದು ಹಾಗೆ ಎಂದು ಹಟ ಹಿಡಿದು ಎಲ್ಲರ ಬಾಯಲ್ಲೂ ಬೈಸಿಕೊಂಡವರು. ಗಂಡನ ಕೈಬರಹ ಹೆಂಡತಿಗೆ ಗುರುತಾಗದೇ? ನಿಯಮದಂತೆ ಆಗಲೇ ಅದನ್ನು ಪಕ್ಕದ ಮೇಜಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕಿತ್ತು. ಕೊಡಲಿಲ್ಲ.

ಯಾಕೆಂದರೆ ಅದರ ಹಿಂದಿನ ದಿನ ನಮ್ಮ ಜಗಲಿಯಲ್ಲಿ ನಿಮ್ಮ ಸಾಣೆಯ ಗೆಳೆಯರು ಟೀ ಕುಡಿಯುತ್ತ ಕೂತಿದ್ದರು. ನಿಂಗೇನಪ್ಪ, ಹೆಂಡ್ತಿ ಅಲ್ಲೇ ಇದಾರೆ, ವರದಿ ಮನೆಗೇ ಬರತ್ತೆ ಅಂತ ಯಾರೋ ಚುಡಾಯಿಸಿದರು. ನೀವು ನಗುತ್ತ, ಮೊಹರು ಮನೇಲೇ ಇಟ್ಕೊಂಡಿದೀನಿ ಬಿಡ್ರಪ್ಪ ಅಂದಿರಿ. ನಾನು ಒಳಗೆ ಟೀ ಸೋಸುತ್ತಿದ್ದೆ. ತಮಾಷೆ ಎಂದು ನನಗೂ ಗೊತ್ತು. ಆದರೆ ಹದಿನಾಲ್ಕು ವರ್ಷ ಕಣ್ಣು ಕೆಡಿಸಿಕೊಂಡು ಕಲಿತ ಕೆಲಸ ಹತ್ತು ಜನರ ಮುಂದೆ ಮನೆಯ ಮೊಹರಾಯಿತು. ಮೈ ಉರಿದುಹೋಯಿತು. ಆ ಉರಿ ಮಾರನೆಯ ದಿನ ಮೇಜಿನವರೆಗೂ ನನ್ನ ಜೊತೆ ಬಂತು.

ಮೊದಲ ಚುಕ್ಕೆಯಲ್ಲೇ ಕಬ್ಬಿಣ ಕಂಡಿತು. ಎರಡನೆಯದು ಇಡಲು ಹೋದರೆ, ಗಂಡನಿಗೆ ಅನುಕೂಲವಾದದ್ದು ಸಿಗುವವರೆಗೂ ಹುಡುಕಿದಳು ಎನ್ನುತ್ತಾರೆ ಎನಿಸಿತು. ಅಲ್ಲಿಗೇ ನಿಲ್ಲಿಸಿದೆ. ಬೇರೆ ಯಾರದ್ದೋ ಕಲ್ಲಾಗಿದ್ದರೆ ಮೂರು ಕಡೆ ನೋಡುತ್ತಿದ್ದೆ, ಅನುಮಾನ ಬಂದರೆ ನಾಲ್ಕನೆಯದನ್ನೂ. ಪರರಿಗೆ ಕೊಡುವ ನ್ಯಾಯವನ್ನು ನಿಮಗೆ ಕೊಡಲಿಲ್ಲ. ಪಕ್ಷಪಾತ ಮಾಡಬಾರದೆಂದು ಹೊರಟು ನಿಮ್ಮ ವಿರುದ್ಧವೇ ಪಕ್ಷಪಾತ ಮಾಡಿದೆ.

ಈಗ ನಾಳೆಯ ಮಾತು. ಸೋಮವಾರ ಹತ್ತು ಗಂಟೆಗೆ ಹಳೆಯ ವರದಿಗೆ ತಿದ್ದುಪಡಿ ಕೊಡಬೇಕು, ತಪ್ಪು ಯಾಕಾಯಿತು ಎಂದು ಕಾರಣ ಬರೆಯಬೇಕು. ಮುಖ್ಯಸ್ಥರು ಒಳ್ಳೆಯವರು. ಆಗಿನ ಯಂತ್ರದ ಮಿತಿ ಅಂತ ಬರೆದುಬಿಡಮ್ಮಾ, ಅದು ಸುಳ್ಳೂ ಅಲ್ಲ, ನಿನಗೂ ತೊಂದರೆ ಇಲ್ಲ ಅಂದರು. ಹಾಗೆ ಒಂದು ಕಾಗದ ಬರೆದೆ. ಚೆನ್ನಾಗಿದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಆಮೇಲೆ ಇನ್ನೊಂದು ಬರೆದೆ. ಅದರಲ್ಲಿ ಪರೀಕ್ಷಕಿ ನಿಯಮ ಮೀರಿ ಒಂದೇ ಚುಕ್ಕೆ ನೋಡಿದಳು ಎಂದಿದೆ. ಅದನ್ನು ಕೊಟ್ಟರೆ ವರದಿಗೆ ಸಹಿ ಮಾಡುವ ಅಧಿಕಾರ ನನಗಿರುವುದಿಲ್ಲ. ಆದರೆ ಮೊದಲನೆಯದನ್ನು ಕೊಟ್ಟರೆ ಸಂಘದವರು, ಯಂತ್ರ ಹಿಂದೆ ಹಾಗಂತು, ಈಗ ಹೀಗನ್ನುತ್ತೆ, ನಾಳೆ ಏನನ್ನುತ್ತೋ ಅಂತ ಭುಜ ಕುಣಿಸಿ ಸುಮ್ಮನಾಗುತ್ತಾರೆ. ನಿಮ್ಮ ಹೆಸರಿಗೆ ಅಂಟಿದ್ದು ಅರ್ಧ ಮಾತ್ರ ಹೋಗುತ್ತದೆ. ಅರ್ಧ ಒರೆಸಿದ ಕಲೆ ಇನ್ನೂ ಅಸಹ್ಯ.

ಎರಡೂ ಕಾಗದ ಈಗ ನನ್ನ ಎದುರಿಗಿವೆ, ಒಂದರ ಮೇಲೆ ಲೋಟ, ಇನ್ನೊಂದರ ಮೇಲೆ ಉಪ್ಪಿನ ಡಬ್ಬಿ. ಯಾವುದನ್ನು ಕೊಡಲಿ ಎಂದು ನಿಮ್ಮನ್ನೇ ಕೇಳೋಣವೆಂದು ಕೂತೆ. ಈ ಕಾಗದ ನಿಮಗೆ ಮುಟ್ಟುವುದು ಗುರುವಾರವೋ ಶುಕ್ರವಾರವೋ, ನಾನು ಕೊಡಬೇಕಾದ್ದು ನಾಳೆ. ನನ್ನ ಬುದ್ಧಿ ಹೀಗಿದೆ ನೋಡಿ.

ಹೊಸ ವರದಿ ಆಗಬೇಕಾದರೆ ಕಲ್ಲನ್ನೇ ತಂದು ತೋರಿಸಬೇಕು ಎಂದು ನಿಯಮ. ಯಜಮಾನರು ವಾಪಸು ಕೊಟ್ಟ ಕಲ್ಲು ನಿಮ್ಮ ಹತ್ತಿರವೇ ಇದೆ, ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೀರಿ ಎಂದು ಅತ್ತೆ ಹೇಳಿದರು. ಅಂಚೆಯಲ್ಲಿ ಕಳಿಸಬಹುದು, ಅದಕ್ಕೂ ಅವಕಾಶವಿದೆ. ಕಳಿಸಬೇಡಿ. ನೀವೇ ತನ್ನಿ. ಪಕ್ಕದ ಮೇಜಿನವರು ನೋಡುತ್ತಾರೆ, ನಾನು ಮುಟ್ಟುವುದಿಲ್ಲ. ನೀವು ಬಂದರೆ ಅತ್ತೆಗೆ ಖುಷಿ ಎಂದು ಬರೆಯಲು ಹೊರಟಿದ್ದೆ. ಅತ್ತೆಯ ಹೆಸರು ಯಾಕೆ, ನನಗೆ ನೀವು ಬೇಕು. ಸಾಣೆಯ ಸದ್ದಿಲ್ಲದೆ ಈ ಮನೆ ಮನೆಯ ಹಾಗಿಲ್ಲ. ಸದ್ದು ನಿಲ್ಲಿಸಿ ಎಂದು ಹದಿನಾರು ವರ್ಷ ಬಡಿದುಕೊಂಡವಳೂ ನಾನೇ.

ಅತ್ತೆ ಎದ್ದ ಹಾಗಿದೆ. ಯಾರಿಗೆ ಅಷ್ಟುದ್ದ ಅಂತ ಕೇಳುತ್ತಿದ್ದಾರೆ. ವಿದ್ಯುತ್ ಕಚೇರಿಗೆ ಎಂದೆ. ಅವರಿಗೆ ನಮಸ್ಕಾರ ತಿಳಿಸು, ಊಟ ಸರಿಯಾಗಿ ಮಾಡ್ಬೇಕಂತೆ ಅಂತ ಬರಿ ಅಂದರು. ಬರೆದಿದ್ದೇನೆ.

ಇನ್ನೂ ನಿಮ್ಮವಳೋ ಅಲ್ಲವೋ ತಿಳಿಯದ, ನೀವೇ ಹೆಸರಿಟ್ಟ
ಭೂತಗನ್ನಡಿ

ಮತ್ತೆ ಬರೆದದ್ದು: ಸೋಮವಾರ, ಹನ್ನೆರಡೂವರೆ, ಅಂಚೆ ಕಚೇರಿಯ ಕೌಂಟರಿನ ಪಕ್ಕ ನಿಂತು. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ, ಗೋಂದು ಕೊಟ್ಟ ಗುಮಾಸ್ತರು ಕೆಂಗಣ್ಣು ಬಿಡುತ್ತಿದ್ದಾರೆ.

ಎರಡನೆಯ ಕಾಗದವನ್ನೇ ಕೊಟ್ಟೆ. ಇವತ್ತಿನಿಂದ ನನ್ನ ಸಹಿ ನಡೆಯುವುದಿಲ್ಲ. ಬಂದ ಕಲ್ಲುಗಳನ್ನು ತೊಳೆದು, ಒರೆಸಿ, ನಂಬರು ಅಂಟಿಸುವ ಮೇಜಿಗೆ ಹಾಕಿದ್ದಾರೆ. ನೀವು ಕಲ್ಲು ತಂದರೆ ಮೊದಲು ಕೈಗೆ ತೆಗೆದುಕೊಳ್ಳುವವಳು ನಾನೇ. ಮುಟ್ಟುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೊಳ್ಳಿ.

ಕಾಗದದ ಜೊತೆ ನನ್ನ ಹಳೆಯ ಟಿಪ್ಪಣಿ ಪುಸ್ತಕದ ಒಂದು ಹಾಳೆಯನ್ನೂ ಮುಖ್ಯಸ್ಥರಿಗೆ ಕೊಟ್ಟೆ, ಅದರ ನಕಲು ಇದರೊಳಗಿದೆ. ಅದರಲ್ಲಿ ಕಲ್ಲಿನ ಚಿತ್ರ ಬರೆದು ಒಳಗೊಂದು ಗೆರೆ ಎಳೆದು, ಆಮೇಲೆ ಅಳಿಸಿದ್ದೆ. ಪೆನ್ಸಿಲು ಒತ್ತಿದ ಗುರುತು ಹೋಗಿಲ್ಲ. ತಾರೀಖು ನಿಮ್ಮ ಕಲ್ಲು ನೋಡಿದ ದಿನದ್ದೇ. ಮೂಲೆಯಲ್ಲಿ, ಗೆರೆಯ ಈಚೆ ನೋಡಬೇಕು ಎಂದು ನಾನೇ ಬರೆದುಕೊಂಡಿದ್ದೇನೆ.

ಆ ದ್ರವದ ಬಾಟಲಿ ಖಾಲಿಯಾಗಿರಲಿಲ್ಲ.